ಬೀಟ್ ಪೊಲೀಸ್: ನಗರ ಗಸ್ತಿನ ಹೊಣೆ, ಅಧಿಕಾರ, ಅರ್ಹತೆ

ನಗರದಲ್ಲಿ ಕಳ್ಳತನವಾಗಲಿ, ಹೊಡೆದಾಟವಾಗಲಿ, ಅಪಘಾತವಾಗಲಿ, ಸ್ಥಳಕ್ಕೆ ಎಲ್ಲರಿಗಿಂತ ಮೊದಲು ಬರುವ ಪೊಲೀಸರು ಗಸ್ತಿನವರು. ಅವರಲ್ಲಿ ಹೆಚ್ಚಿನವರು ಕಾನ್‌ಸ್ಟೆಬಲ್ ಇಲ್ಲವೇ ಹೆಡ್ ಕಾನ್‌ಸ್ಟೆಬಲ್. ತೋಳಿನ ಮೇಲೆ ಮೂರು ಪಟ್ಟಿ ಇರಬಹುದು, ಭುಜದ ಮೇಲೆ ನಕ್ಷತ್ರ ಇರುವುದಿಲ್ಲ. ಪ್ರಕರಣದ ತನಿಖೆಯ ಹೊಣೆ ಬೇರೆಯವರದು. ಆದರೂ ಮೊದಲ ಹತ್ತು ನಿಮಿಷದಲ್ಲಿ ಗಸ್ತಿನವರು ಏನು ಮಾಡಿದರು, ಏನು ಮಾಡದೆ ಬಿಟ್ಟರು ಎಂಬುದರ ಮೇಲೆ ಮುಂದಿನ ತನಿಖೆ ಗಟ್ಟಿಯಾಗುತ್ತದೆ ಅಥವಾ ಸಡಿಲವಾಗುತ್ತದೆ. ಬೆಂಗಳೂರು ನಗರ ಪೊಲೀಸರನ್ನು ಮುಖ್ಯ ಉದಾಹರಣೆಯಾಗಿಟ್ಟುಕೊಂಡು ಈ ಕೆಲಸದ ಸ್ವರೂಪವನ್ನು ಇಲ್ಲಿ ವಿವರಿಸಿದೆ.

## ಬೀಟ್ ವ್ಯವಸ್ಥೆ

ಊರಿಗೆ ಕಾವಲು ಬೇಕೆಂಬುದು ನಮಗೆ ಹೊಸ ವಿಚಾರವಲ್ಲ. ಹಳ್ಳಿಗಳಲ್ಲಿ ತೋಟಿ, ತಳವಾರರಿದ್ದರು. ಪೇಟೆ ಪಟ್ಟಣಗಳಲ್ಲಿ ಕೊತ್ವಾಲರಿದ್ದರು. ಸಮವಸ್ತ್ರ ತೊಟ್ಟ ಪೊಲೀಸ್ ಗೊತ್ತಾದ ಬೀದಿಗಳಲ್ಲಿ ಗೊತ್ತಾದ ಹೊತ್ತಿಗೆ ಓಡಾಡುವ ಪದ್ಧತಿಗೆ 1829ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಮೆಟ್ರೋಪಾಲಿಟನ್ ಪೊಲೀಸ್ ಮಾದರಿಯಾಯಿತು. ಭಾರತದಲ್ಲಿ 1861ರ ಪೊಲೀಸ್ ಕಾಯ್ದೆ ಬಂತು. ನಮ್ಮ ರಾಜ್ಯದಲ್ಲಿ ಈಗ ಜಾರಿಯಲ್ಲಿರುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಬೆಂಗಳೂರಿಗೆ ಪೊಲೀಸ್ ಕಮಿಷನರ್ ಹುದ್ದೆ ಬಂದದ್ದೂ ಅದೇ ವರ್ಷ.

ಪ್ರತಿ ಠಾಣೆಯ ಸರಹದ್ದನ್ನು ಹಲವು ಬೀಟ್‌ಗಳಾಗಿ ಹಂಚಿರುತ್ತಾರೆ. ಹಿಂದೆ ಬೀಟ್ ಎಂದರೆ ಆ ದಿನದ ಮಟ್ಟಿಗಿನ ಡ್ಯೂಟಿ: ಇವತ್ತು ಒಬ್ಬರು, ನಾಳೆ ಇನ್ನೊಬ್ಬರು. 2017ರಲ್ಲಿ ಕರ್ನಾಟಕದಲ್ಲಿ ಸುಧಾರಿತ ಗಸ್ತು ವ್ಯವಸ್ಥೆ ಬಂದ ಮೇಲೆ ಒಂದು ಪ್ರದೇಶವನ್ನು ಒಬ್ಬ ಸಿಬ್ಬಂದಿಗೇ ಒಪ್ಪಿಸುವ ಕ್ರಮ ಶುರುವಾಯಿತು. ಆ ಬೀದಿಗಳ ಶಾಲೆ, ದೇವಸ್ಥಾನ, ಮಸೀದಿ, ಬ್ಯಾಂಕು, ಎಟಿಎಂ, ಪಿಜಿ, ಬಾರು, ಗುಜರಿ ಅಂಗಡಿ ಎಲ್ಲವೂ ಆತನ ಲೆಕ್ಕಕ್ಕೆ. ಸ್ಥಳೀಯರನ್ನು ಸೇರಿಸಿ ನಾಗರಿಕರ ಸಮಿತಿ ಮಾಡಿಕೊಂಡು ಆಗಾಗ ಸಭೆ ನಡೆಸುವುದೂ ಇದರ ಭಾಗ. 2025ರ ಜುಲೈನಲ್ಲಿ ರಾಜ್ಯ ಸರ್ಕಾರ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮದ ಮೂಲಕ ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದು, ಬೀಟ್ ಸಿಬ್ಬಂದಿಯೇ ಮನೆಗಳಿಗೆ ಹೋಗಿ ಅಹವಾಲು ಕೇಳಬೇಕೆಂದು ಗೊತ್ತುಮಾಡಿತು.

ಈ ಬದಲಾವಣೆಯನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಗಸ್ತಿನ ಪೊಲೀಸರಿಗೆ ಲಾಠಿಗಿಂತ ಹೆಚ್ಚು ಬಲ ಕೊಡುವುದು ಪರಿಚಯ. ಬೀದಿಯ ಪರಿಚಯವಿಲ್ಲದವರು ಎಷ್ಟು ಸುತ್ತಿದರೂ ಅವರಿಗೆ ಕಾಣುವುದು ಕಟ್ಟಡ, ವಾಹನ ಮತ್ತು ಕತ್ತಲೆ.

## ಹಗಲಿನ ಕೆಲಸ

ದಿನ ಶುರುವಾಗುವುದು ಠಾಣೆಯ ರೋಲ್ ಕಾಲ್‌ನಿಂದ. ಹಾಜರಿ, ಆ ದಿನದ ಡ್ಯೂಟಿ ಹಂಚಿಕೆ, ಹಿಂದಿನ ರಾತ್ರಿ ಆದ ಘಟನೆಗಳು, ಹುಡುಕಬೇಕಾದ ವಾಹನಗಳ ನಂಬರು, ಕಾಣೆಯಾದವರ ಫೋಟೊ ಎಲ್ಲವನ್ನೂ ಅಲ್ಲೇ ಹೇಳುತ್ತಾರೆ. ಬಳಿಕ ಅವರವರ ಬೀಟ್‌ಗೆ ಹೊರಡುತ್ತಾರೆ.

ಹಗಲಿನ ಬೀಟ್‌ನಲ್ಲಿ ಕಣ್ಣಿಗೆ ಬೀಳದ ಕೆಲಸಗಳೇ ಹೆಚ್ಚು. ಕೋರ್ಟಿನ ಸಮನ್ಸ್, ವಾರಂಟ್ ಜಾರಿ ಮಾಡಬೇಕು. ಪಾಸ್‌ಪೋರ್ಟ್ ಅರ್ಜಿದಾರರ ವಿಳಾಸ ಪರಿಶೀಲನೆಗೆ ನೆರವಾಗಬೇಕು. ರೌಡಿ ಪಟ್ಟಿಯಲ್ಲಿರುವವರು, ಹಳೆಯ ಕಳ್ಳತನದ ಆರೋಪಿಗಳು ಈಗ ಎಲ್ಲಿದ್ದಾರೆ, ಏನು ಮಾಡಿಕೊಂಡಿದ್ದಾರೆ ಎಂದು ನೋಡಿಕೊಂಡು ಬರಬೇಕು. ಒಂಟಿಯಾಗಿರುವ ಹಿರಿಯರ ಮನೆಗೆ ಹೋಗಿ ‘ಅಮ್ಮಾ, ಹೊಸಬರು ಯಾರಾದ್ರೂ ಬಂದಿದ್ರಾ? ಮನೆ ಕೆಲಸಕ್ಕೆ ಬರೋರ ಫೋಟೊ, ಆಧಾರ್ ಇಸ್ಕೊಂಡಿದ್ದೀರಾ?’ ಎಂದು ಕೇಳಬೇಕು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಲ್ಲಬೇಕು. ಊರಿಗೆ ಹೋಗುವವರು ಮನೆಗೆ ಬೀಗ ಹಾಕಿರುವುದನ್ನು ಮೊದಲೇ ತಿಳಿಸಿದ್ದರೆ ಆ ಮನೆಯನ್ನು ರಾತ್ರಿ ಗಸ್ತಿನ ಪಟ್ಟಿಗೆ ಸೇರಿಸಬೇಕು.

ಬೀದಿಯ ಸಣ್ಣ ಜಗಳಗಳು ಬಂದು ಸೇರುವುದೂ ಬೀಟ್ ಪೊಲೀಸರ ಬಳಿಗೇ. ಪಾರ್ಕಿಂಗ್ ಜಾಗ, ಚರಂಡಿ ನೀರು, ಜೋರು ಸಂಗೀತ, ಬಾಡಿಗೆ ತಕರಾರು. ಇವುಗಳಲ್ಲಿ ಸಿವಿಲ್ ವ್ಯಾಜ್ಯಗಳನ್ನು ತೀರ್ಮಾನಿಸುವ ಅಧಿಕಾರ ಪೊಲೀಸರಿಗಿಲ್ಲ. ಮಾತು ಕೈಗೆ ಹೋಗದಂತೆ ತಡೆಯುವುದಷ್ಟೇ ಅವರ ಪಾಲಿನ ಕೆಲಸ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿ. ಸಾರ್ವಜನಿಕ ಸ್ಥಳದಲ್ಲಿ ಉಪದ್ರವ ಕೊಡುವವರ ಮೇಲೆ ಕರ್ನಾಟಕ ಪೊಲೀಸ್ ಕಾಯ್ದೆಯ 92ನೇ ಸೆಕ್ಷನ್ ಅಡಿ ಪೆಟಿ ಕೇಸ್ ಹಾಕಬಹುದು.

## ರಾತ್ರಿ ಗಸ್ತು

ರಾತ್ರಿ ಬೀಟ್‌ನವರ ಬಳಿ ಟಾರ್ಚ್, ಲಾಠಿ, ವಾಕಿಟಾಕಿ, ಸೀಟಿ ಇರುತ್ತವೆ. ಎಲ್ಲೆಲ್ಲಿ ಯಾವ ಹೊತ್ತಿಗೆ ಇರಬೇಕೆಂದು ಪಾಯಿಂಟ್‌ಗಳನ್ನು ಗುರುತಿಸಿರುತ್ತಾರೆ. ಹಿಂದೆ ಎಟಿಎಂ, ಆಭರಣದಂಗಡಿ, ದೇವಸ್ಥಾನಗಳಲ್ಲಿ ತೂಗುಹಾಕಿದ್ದ ಪುಸ್ತಕಕ್ಕೆ ಸಹಿ ಹಾಕಿ ಸಮಯ ಬರೆಯುತ್ತಿದ್ದರು. ಒಂದೇ ಸಲ ಕೂತು ಇಡೀ ವಾರದ ಸಹಿ ಹಾಕಿಬಿಡಬಹುದೆಂಬ ದೂರು ಆಗ ಇತ್ತು. ಈಗ ಇ-ಬೀಟ್ ಬಂದಿದೆ. ಪಾಯಿಂಟ್‌ನಲ್ಲಿ ಅಂಟಿಸಿರುವ ಕ್ಯೂಆರ್ ಕೋಡನ್ನು ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿದರೆ ಸಮಯ, ಸ್ಥಳ ದಾಖಲಾಗುತ್ತವೆ.

ಸ್ಕ್ಯಾನ್ ಮಾಡಿದ್ದು ಹೋಗಿಬಂದದ್ದಕ್ಕೆ ಸಾಕ್ಷಿಯಾಯಿತು. ನೋಡಿದ್ದಕ್ಕೆ ಸಾಕ್ಷಿ ಬೇರೆಯೇ ಇದೆ. ಅನುಭವಸ್ಥರು ಅಂಗಡಿ ಸಾಲಿನಲ್ಲಿ ಟಾರ್ಚ್ ಬೆಳಕನ್ನು ಶಟರ್‌ನ ಮೇಲ್ಭಾಗಕ್ಕೆ ಬಿಡುವುದಿಲ್ಲ, ನೆಲಕ್ಕೆ ತಾಗುವ ಅಂಚಿಗೆ ಬಿಡುತ್ತಾರೆ. ಜಾಕ್ ಹಾಕಿ ಎತ್ತಿದ ಶಟರ್‌ನ ಪಟ್ಟಿ ಮೊದಲು ಬಗ್ಗುವುದು ಅಲ್ಲಿ. ಬೀಗವನ್ನು ಕೈಯಿಂದ ಒಮ್ಮೆ ಎಳೆದು ನೋಡುತ್ತಾರೆ. ಕತ್ತರಿಸಿದ ಬೀಗವನ್ನು ಹಾಗೇ ಸಿಕ್ಕಿಸಿಟ್ಟಿದ್ದರೆ ದೂರದಿಂದ ಗೊತ್ತಾಗುವುದಿಲ್ಲ. ನಿಂತಿರುವ ಬೈಕಿನ ಎಂಜಿನ್ ಇನ್ನೂ ಬೆಚ್ಚಗಿದೆಯೇ, ಬೀದಿದೀಪವನ್ನು ಯಾರಾದರೂ ಬೇಕೆಂದೇ ಆರಿಸಿದ್ದಾರೆಯೇ, ಮೂರು ದಿನದ ಪೇಪರ್ ಯಾವ ಗೇಟಿನೊಳಗೆ ಬಿದ್ದಿದೆ ಎಂಬುದು ಕಣ್ಣಿಗೆ ತಾಗಬೇಕು.

ಎಲ್ಲ ಬೀಟ್‌ಗಳಿಗೂ ಒಂದೇ ಅಳತೆ ಹೊಂದುವುದಿಲ್ಲ. ಕೆ.ಆರ್. ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಮೂರೂವರೆಗೆ ಹೂವಿನ ಮೂಟೆ, ತರಕಾರಿ ಲಾರಿ, ಕೂಲಿಯವರ ಕೂಗು ಸೇರಿ ಜಾತ್ರೆಯಷ್ಟು ಜನ ಇರುತ್ತಾರೆ. ಅದೇ ಹೊತ್ತಿಗೆ ಜಯನಗರದ ಅಡ್ಡರಸ್ತೆಯಲ್ಲಿ ಲೈಟ್ ಆರಿಸಿಕೊಂಡು ನಿಧಾನ ಹೋಗುವ ಒಂದು ಬೈಕು ವಿಚಾರಿಸಬೇಕಾದ ಸಂಗತಿ. ಚಿನ್ನದ ಕೆಲಸದ ಗೂಡುಗಳಿರುವ ನಗರ್ತಪೇಟೆಯಲ್ಲಿ ಯಾರು ಯಾವ ಚೀಲ ಹಿಡಿದು ಯಾವ ಗಲ್ಲಿಯಿಂದ ಬರುತ್ತಾರೆ ಎಂಬುದು ಅಲ್ಲಿ ಪಳಗಿದವರಿಗಷ್ಟೇ ತಿಳಿಯುತ್ತದೆ. ಬೆಂಗಳೂರಿನಲ್ಲಿ ಹೋಟೆಲು, ಬಾರುಗಳಿಗೆ ರಾತ್ರಿ ಒಂದರವರೆಗೆ ಅನುಮತಿ ಸಿಕ್ಕ ಮೇಲೆ ಇಂದಿರಾನಗರ, ಕೋರಮಂಗಲದಂಥ ಕಡೆ ಗಸ್ತಿನ ಬಿಗಿ ಹೊತ್ತೇ ಮುಂದಕ್ಕೆ ಹೋಗಿದೆ.

## ಹೊಯ್ಸಳ, ಚೀತಾ ಮತ್ತು 112

ಬೆಂಗಳೂರಿನ ಗಸ್ತು ವಾಹನಗಳಿಗೆ ಹೊಯ್ಸಳ ಎಂದು ಹೆಸರು. ಬೈಕ್ ಗಸ್ತು ಚೀತಾ. ಮಹಿಳೆಯರ ಮತ್ತು ಮಕ್ಕಳ ಸುರಕ್ಷತೆಗಾಗಿ 2017ರಲ್ಲಿ ಪಿಂಕ್ ಹೊಯ್ಸಳ ಬಂದವು. 112ಕ್ಕೆ ಕರೆ ಮಾಡಿದರೆ ಕಮಾಂಡ್ ಸೆಂಟರ್‌ನವರು ವಿವರ ಕೇಳಿ, ಹತ್ತಿರದ ವಾಹನದ ಪರದೆಗೆ ಅದನ್ನು ರವಾನಿಸುತ್ತಾರೆ. ವಾಹನ ಎಲ್ಲಿದೆ ಎಂಬುದು ಜಿಪಿಎಸ್‌ನಲ್ಲಿ ಕಾಣುತ್ತದೆ. ಸ್ಥಳ ತಲುಪಿದ್ದು, ತೆಗೆದುಕೊಂಡ ಕ್ರಮ ಎರಡನ್ನೂ ಸಿಬ್ಬಂದಿ ದಾಖಲಿಸಬೇಕು.

ವಾಹನ ಗಸ್ತಿಗೂ ಕಾಲ್ನಡಿಗೆಯ ಗಸ್ತಿಗೂ ಇರುವ ವ್ಯತ್ಯಾಸದ ಬಗ್ಗೆ ಅಮೆರಿಕದಲ್ಲಿ ನಡೆದ ಎರಡು ಅಧ್ಯಯನಗಳನ್ನು ಇಲ್ಲಿ ನೆನೆಯಬೇಕು. 1972-73ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಕೆಲವು ಬೀಟ್‌ಗಳಲ್ಲಿ ಕಾರ್ ಗಸ್ತನ್ನು ಹೆಚ್ಚಿಸಿ, ಕೆಲವು ಕಡೆ ನಿಲ್ಲಿಸಿ ನೋಡಿದರು. ಅಪರಾಧದ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆ ದಶಕದ ಕೊನೆಯಲ್ಲಿ ನೆವಾರ್ಕ್‌ನಲ್ಲಿ ಕಾಲ್ನಡಿಗೆ ಗಸ್ತನ್ನು ಪರೀಕ್ಷಿಸಿದಾಗಲೂ ಅಪರಾಧ ಅಷ್ಟಾಗಿ ಇಳಿಯಲಿಲ್ಲ, ಆದರೆ ಜನರ ಭಯ ಇಳಿಯಿತು, ಪೊಲೀಸರ ಮೇಲಿನ ವಿಶ್ವಾಸ ಏರಿತು. ಬೇಗ ಬರುವುದಕ್ಕೆ ಹೊಯ್ಸಳ ಬೇಕೇ ಬೇಕು. ಆದರೆ ಗಾಜು ಏರಿಸಿಕೊಂಡು ಹೋಗುವ ವಾಹನದೊಳಗಿನವರಿಗೆ ಬೀಡಾ ಅಂಗಡಿಯವರು ಏನನ್ನೂ ಹೇಳಲಾರರು.

## ಸ್ಥಳಕ್ಕೆ ಮೊದಲು ಬಂದಾಗ

ಮೊದಲ ಕೆಲಸ ಜೀವ ಉಳಿಸುವುದು. ಗಾಯಗೊಂಡವರನ್ನು ಆಸ್ಪತ್ರೆಗೆ ಸಾಗಿಸಬೇಕು, ಪಂಚನಾಮೆಗೆ ಕಾಯುವ ಹಾಗಿಲ್ಲ. ಅಪಘಾತದಲ್ಲಿ ನೆರವಾದ ದಾರಿಹೋಕರನ್ನು ಹೆಸರು, ವಿಳಾಸ ಹೇಳೆಂದು ಒತ್ತಾಯಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಸೆಕ್ಷನ್ ಅವರಿಗೆ ರಕ್ಷಣೆ ಕೊಡುತ್ತದೆ.

ಎರಡನೆಯದು ಸ್ಥಳವನ್ನು ಕಾಯುವುದು. ಮನೆಗಳ್ಳತನವಾದ ಕಡೆ ಮನೆಯವರು ಗಾಬರಿಯಲ್ಲಿ ಬೀರು ತೆರೆದು ಏನೇನು ಹೋಗಿದೆ ಎಂದು ತಡಕಲು ಶುರುಮಾಡುತ್ತಾರೆ, ಅಕ್ಕಪಕ್ಕದವರು ಒಳಗೆ ಬಂದು ನಿಲ್ಲುತ್ತಾರೆ. ಬೆರಳಚ್ಚು ಅಳಿಸಿಹೋಗುವುದು ಇಂಥ ಹೊತ್ತಿನಲ್ಲೇ. ಗಸ್ತಿನವರು ಎಲ್ಲರನ್ನೂ ಹೊರಗೆ ಕೂರಿಸಿ, ಒಂದೇ ದಾರಿಯಲ್ಲಿ ಓಡಾಡುವಂತೆ ನೋಡಿಕೊಂಡು, ಯಾರು ಯಾವಾಗ ಒಳಗೆ ಹೋದರೆಂದು ಬರೆದಿಟ್ಟುಕೊಳ್ಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ಹೇಳುತ್ತದೆ. ಅವರು ಬರುವವರೆಗೆ ಕುರುಹು ಉಳಿಯುವುದು ಕಾನ್‌ಸ್ಟೆಬಲ್ ಕೈಯಲ್ಲಿದೆ.

ಮಾನಸಿಕ ಅಸ್ವಸ್ಥರು ಬೀದಿಯಲ್ಲಿ ದಿಕ್ಕಿಲ್ಲದೆ ಅಲೆಯುತ್ತಿದ್ದರೆ? 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ ಅವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಪೊಲೀಸರ ಕರ್ತವ್ಯ. ಲಾಕಪ್‌ಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಕಾನೂನಿನೊಂದಿಗೆ ಸಂಘರ್ಷಕ್ಕೆ ಸಿಕ್ಕ ಮಕ್ಕಳನ್ನೂ ಲಾಕಪ್‌ನಲ್ಲಿ ಇಡಬಾರದು, ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗೆ ಒಪ್ಪಿಸಬೇಕು.

## ಅಧಿಕಾರದ ಎಲ್ಲೆ

ಗಂಭೀರ ಅಪರಾಧ ನಡೆಯದಂತೆ ತಡೆಯುವ ಅಧಿಕಾರ ಪ್ರತಿ ಪೊಲೀಸರಿಗೂ ಇದೆ. ವಾರಂಟ್ ಇಲ್ಲದೆ ಬಂಧಿಸಬಹುದಾದ ಸಂದರ್ಭಗಳನ್ನು ಸುರಕ್ಷಾ ಸಂಹಿತೆಯ 35ನೇ ಸೆಕ್ಷನ್ ಹೇಳುತ್ತದೆ. ಜತೆಗೆ ಕಟ್ಟುಪಾಡುಗಳೂ ಇವೆ. ಬಂಧಿಸುವವರ ಹೆಸರಿನ ಪಟ್ಟಿ ಸ್ಪಷ್ಟವಾಗಿ ಕಾಣಬೇಕು. ಬಂಧನದ ಮೆಮೊಗೆ ಮನೆಯವರ ಅಥವಾ ಸ್ಥಳೀಯ ಗಣ್ಯರ ಸಹಿ ಇರಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮೊದಲು ಮಹಿಳೆಯರನ್ನು ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭವಿದ್ದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದೇ ಮಾಡಬೇಕು. ಬಂಧನದ ಈ ನಿಯಮಗಳಲ್ಲಿ ಹಲವಕ್ಕೆ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ತೀರ್ಪೇ ಬುನಾದಿ.

ಎಲ್ಲೆ ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆ ಇದೆ. 2022ರ ಡಿಸೆಂಬರ್‌ನಲ್ಲಿ ಮಾನ್ಯತಾ ಟೆಕ್ ಪಾರ್ಕ್ ಬಳಿ ರಾತ್ರಿ ಮನೆಗೆ ನಡೆದು ಹೋಗುತ್ತಿದ್ದ ದಂಪತಿಯನ್ನು ಗಸ್ತಿನ ಇಬ್ಬರು ತಡೆದು, ಹನ್ನೊಂದರ ನಂತರ ರಸ್ತೆಯಲ್ಲಿ ಓಡಾಡುವಂತಿಲ್ಲ ಎಂದು ಹೆದರಿಸಿ ಹಣ ವಸೂಲಿ ಮಾಡಿದರು. ಅಂಥ ನಿಯಮ ಯಾವ ಕಾಯ್ದೆಯಲ್ಲೂ ಇಲ್ಲ. ಇಬ್ಬರೂ ಅಮಾನತಾದರು. ಆ ಒಂದು ರಾತ್ರಿಯ ವರ್ತನೆಯಿಂದ ನೂರಾರು ಪ್ರಾಮಾಣಿಕ ಸಿಬ್ಬಂದಿ ಕಟ್ಟಿದ್ದ ವಿಶ್ವಾಸಕ್ಕೆ ಪೆಟ್ಟು ಬಿತ್ತು.

## ಸೇರಲು ಬೇಕಾದ ಅರ್ಹತೆ

ಠಾಣೆಗಳ ಗಸ್ತಿಗೆ ಬರುವವರು ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್‌ಗಳು. ಈಚಿನ ನೇಮಕಾತಿ ಅಧಿಸೂಚನೆಗಳಲ್ಲಿ ಪಿಯುಸಿ ಅಥವಾ ತತ್ಸಮಾನ ವಿದ್ಯಾರ್ಹತೆ ಕೇಳಿದ್ದಾರೆ. ಸಶಸ್ತ್ರ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಸಾಕು. ಸಿವಿಲ್ ಹುದ್ದೆಗೆ ಕನಿಷ್ಠ ವಯಸ್ಸು 19. ಗರಿಷ್ಠ ವಯೋಮಿತಿ ಸಾಮಾನ್ಯ ವರ್ಗಕ್ಕೆ 25, ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳಿಗೆ 27 ಎಂದಿತ್ತು. ಸರ್ಕಾರ ಆಗಾಗ ಸಡಿಲಿಕೆ ಕೊಡುವುದರಿಂದ ಅರ್ಜಿ ಹಾಕುವವರು ಆಯಾ ಅಧಿಸೂಚನೆಯನ್ನೇ ಓದಿಕೊಳ್ಳಬೇಕು.

ಮೊದಲು 100 ಅಂಕದ ಲಿಖಿತ ಪರೀಕ್ಷೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಅದರಲ್ಲಿ ಮುಂದೆ ಬಂದವರಿಗೆ ದೇಹದಾರ್ಢ್ಯ ಪರೀಕ್ಷೆ. ಪುರುಷರಿಗೆ ಎತ್ತರ 168 ಸೆಂ.ಮೀ., ಎದೆಯ ಸುತ್ತಳತೆ 86 ಸೆಂ.ಮೀ.; ಮಹಿಳೆಯರಿಗೆ ಎತ್ತರ 157 ಸೆಂ.ಮೀ., ತೂಕ 45 ಕೆ.ಜಿ. ಪುರುಷರು 1,600 ಮೀಟರನ್ನು ಆರೂವರೆ ನಿಮಿಷದಲ್ಲಿ, ಮಹಿಳೆಯರು 400 ಮೀಟರನ್ನು ಎರಡು ನಿಮಿಷದಲ್ಲಿ ಓಡಬೇಕು. ಉದ್ದ ಜಿಗಿತ ಅಥವಾ ಎತ್ತರ ಜಿಗಿತ, ಗುಂಡು ಎಸೆತ ಇದ್ದೇ ಇವೆ. ಬಳಿಕ ವೈದ್ಯಕೀಯ ತಪಾಸಣೆ, ಪೂರ್ವಾಪರ ಪರಿಶೀಲನೆ. ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ಉದ್ಯೋಗದಲ್ಲಿ ಶೇ 1ರ ಮೀಸಲಾತಿ 2021ರಲ್ಲಿ ಬಂದ ಮೇಲೆ ಅವರೂ ಈ ಹುದ್ದೆಗೆ ಅರ್ಜಿ ಹಾಕಬಹುದು.

ಆಯ್ಕೆಯಾದವರಿಗೆ ಚನ್ನಪಟ್ಟಣ, ಖಾನಾಪುರ, ಐಮಂಗಲದಂಥ ಕಡೆಗಳ ಪೊಲೀಸ್ ತರಬೇತಿ ಶಾಲೆಗಳಲ್ಲಿ ಕವಾಯತು, ಶಸ್ತ್ರಾಭ್ಯಾಸ, ಲಾಠಿ ಪ್ರಯೋಗ, ಪ್ರಥಮ ಚಿಕಿತ್ಸೆ, ಕಾನೂನು ಪಾಠ. ಆಮೇಲೆ ಠಾಣೆಯಲ್ಲಿ ಹಿರಿಯರ ಜತೆ ಕೆಲಸ ಕಲಿಯುವ ಹಂತ.

ಎತ್ತರ, ಎದೆ, ಓಟ ಇವೆಲ್ಲ ಅಳೆಯಬಹುದಾದವು. ಕುಡಿದು ರಂಪ ಮಾಡುವವರ ಮುಂದೆ ದನಿ ಏರಿಸದೆ ನಿಲ್ಲುವುದು, ಗಂಡನ ಏಟು ತಿಂದು ಬಂದವರ ಮಾತನ್ನು ಮಧ್ಯೆ ತಡೆಯದೆ ಕೇಳುವುದು, ನೋಡಿದ್ದನ್ನು ನೋಡಿದಷ್ಟೇ ಬರೆಯುವುದನ್ನು ಮೈದಾನದಲ್ಲಿ ಅಳೆಯಲಾಗದು. ಬೆಂಗಳೂರಿನಲ್ಲಾದರೆ ಕನ್ನಡದ ಜತೆ ತಮಿಳು, ತೆಲುಗು, ಉರ್ದು, ಹಿಂದಿಯಲ್ಲಿ ನಾಲ್ಕು ಮಾತಾಡಬಲ್ಲವರು ಬೀಟ್‌ನಲ್ಲಿ ಬೇಗ ಬೇರೂರುತ್ತಾರೆ.

## ದುಡಿಮೆಯ ಹೊರೆ, ಬೀಟ್ ಬದಲಾವಣೆ

ಗಣೇಶನ ಮೆರವಣಿಗೆ, ಕರಗ, ಚುನಾವಣೆ, ಕ್ರಿಕೆಟ್ ಪಂದ್ಯ, ಹೊಸ ವರ್ಷದ ರಾತ್ರಿ ಬಂದೋಬಸ್ತ್‌ಗೆ ಸಿಬ್ಬಂದಿಯನ್ನು ಎಳೆದುಕೊಂಡಾಗ ಬೀಟ್ ಖಾಲಿ ಬೀಳುತ್ತದೆ. ವಾರದ ರಜೆ ತಪ್ಪುವುದು, ರಾತ್ರಿ ಪಾಳಿ ಮುಗಿಸಿದವರನ್ನೇ ಹಗಲು ಮತ್ತೆ ಕರೆಯುವುದು ಹಳೆಯ ನೋವು. ವಾರದ ರಜೆ, ವೇತನ ಏರಿಕೆಗಳನ್ನು ಕೇಳಿ 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ಸಿಬ್ಬಂದಿ ಹೊರಟದ್ದು ಇದೇ ಕಾರಣಕ್ಕೆ. ನಂತರ ರಾಘವೇಂದ್ರ ಔರಾದಕರ್ ಸಮಿತಿ ವೇತನ ಪರಿಷ್ಕರಣೆಗೆ ಶಿಫಾರಸು ಮಾಡಿತು. 2025ರ ಅಕ್ಟೋಬರ್‌ನಲ್ಲಿ ಹಳೆಯ ಸ್ಲೋಚ್ ಹ್ಯಾಟ್ ಬದಲು ಕಡುನೀಲಿ ಪೀಕ್ ಕ್ಯಾಪ್ ಬಂತು. ಓಡುವಾಗ ಬಿದ್ದುಹೋಗುತ್ತಿದ್ದ ಟೋಪಿಯ ಕಿರಿಕಿರಿ ತಪ್ಪಿತು. ಆದರೆ ನಿದ್ದೆಗೆಟ್ಟ ಕಣ್ಣಿಗೆ ಬಗ್ಗಿದ ಶಟರ್ ಕಾಣುವುದಿಲ್ಲವಾದ್ದರಿಂದ, ವಾರದ ರಜೆಯನ್ನು ಸೌಲಭ್ಯವೆಂದು ನೋಡದೆ ಗಸ್ತಿನ ಅಗತ್ಯವೆಂದೇ ನೋಡಬೇಕು.

ಇನ್ನೊಂದು ತೊಡಕು ವರ್ಗಾವಣೆ. ವರ್ಷಗಟ್ಟಲೆ ಗಳಿಸಿದ ಪರಿಚಯ ಬೀಟ್ ಪುಸ್ತಕದಲ್ಲಿ ಪೂರ್ತಿ ಸೇರುವುದಿಲ್ಲ. ಯಾವ ಅಂಗಡಿಯವರು ಧೈರ್ಯವಾಗಿ ಸಾಕ್ಷಿ ಹೇಳುತ್ತಾರೆ, ಯಾವ ಮನೆಯ ಜಗಳ ಮಾತಿನಲ್ಲೇ ಮುಗಿಯುತ್ತದೆ, ಯಾವುದು ಮುಗಿಯುವುದಿಲ್ಲ, ಇದನ್ನೆಲ್ಲ ಹೊಸಬರು ಮೊದಲಿನಿಂದ ಕಲಿಯಬೇಕಾಗುತ್ತದೆ. ವರ್ಗವಾಗಿ ಹೋಗುವವರು ತಮ್ಮ ಜಾಗಕ್ಕೆ ಬಂದವರನ್ನು ಒಂದು ವಾರವಾದರೂ ಜತೆಯಲ್ಲಿ ಕರೆದೊಯ್ದು, ಹಗಲೊಮ್ಮೆ ರಾತ್ರಿಯೊಮ್ಮೆ ಬೀದಿ ಬೀದಿ ನಡೆಸಿ, ಅಂಗಡಿಯವರಿಗೂ ಮನೆಯವರಿಗೂ ಮುಖ ತೋರಿಸಿ ಹೋಗುವಂತೆ ಇಲಾಖೆ ಕಡ್ಡಾಯ ಮಾಡಬೇಕು. ಇದಕ್ಕೆ ಹೊಸ ಹುದ್ದೆ ಬೇಡ, ಹೊಸ ವಾಹನವೂ ಬೇಡ. ವರ್ಗಾವಣೆ ಆದೇಶದಲ್ಲಿ ಒಂದು ಸಾಲು ಸೇರಿಸಿದರೆ ಸಾಕು.