ಕಾಯಿಗೆ ಮೂರು, ಹಣ್ಣಿಗೆ ಒಂದು

ಹದಿನೈದು ದಿನದಿಂದ ಏನೂ ಬರೆದಿರಲಿಲ್ಲ. ಮಳೆ, ಕರೆಂಟಿಲ್ಲ, ಫೋನಿಗೆ ಟವರೂ ಇಲ್ಲ. ಇವತ್ತು ಬೆಣ್ಣೆಹಣ್ಣಿನ ವಿಷಯ. ಸ್ವಲ್ಪ ಉದ್ದ ಇದೆ, ಸಂಜೆ ಕೆಲಸ ಮುಗಿಸಿ ಕೂತು ಓದಿ.

ಕಳೆದ ಭಾನುವಾರ ದೋಟಿ ಹಾಕಿ ನಾಲ್ಕು ಕ್ರೇಟ್ ಕಾಯಿ ಕೊಯ್ದೆ. ಸೋಮವಾರ ರಸ್ತೆಗೆ ಸಿಲ್ವರ್ ಮರ ಬಿತ್ತು. ಮಂಗಳವಾರ, ಬುಧವಾರ ಪಿಕಪ್ ಬರಲಿಲ್ಲ. ಗುರುವಾರ ಮಂಡಿಗೆ ಮುಟ್ಟಿಸಿದಾಗ ಅಲ್ಲಿಯವನು ಮೇಲಿನ ಹಣ್ಣನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, "ಅಣ್ಣಾ, ಇದು ಮೆತ್ತಗಾಗಿದೆ. ಕಾಯಿ ರೇಟು ಕೊಡಕ್ಕಾಗಲ್ಲ" ಅಂದ. ಕೊಟ್ಟಿದ್ದು ಕಾಯಿ ರೇಟಿನ ಅರ್ಧಕ್ಕೂ ಕಮ್ಮಿ. ಒಂದು ಕ್ರೇಟನ್ನಂತೂ ಮುಟ್ಟಲೇ ಇಲ್ಲ, ವಾಪಸ್ ಮನೆಗೆ ತಂದೆ. ತಮಾಷೆ ಅಂದ್ರೆ ಮಂಡಿಯ ಎದುರಿನ ಜ್ಯೂಸ್ ಅಂಗಡಿಯವನು ಮೆತ್ತಗಿನ ಹಣ್ಣನ್ನೇ ಹುಡುಕಿ ಹುಡುಕಿ ಆರಿಸ್ತಾ ಇದ್ದ. ತಿನ್ನೋನಿಗೆ ಹಣ್ಣು ಬೇಕು, ದುಡ್ಡು ಮಾತ್ರ ಕಾಯಿಗೆ.

ಸಿಟ್ಟಲ್ಲಿ ಬಂದವನೇ ಮಗಳಿಗೆ ಫೋನ್ ಮಾಡಿದೆ. ಅವಳು ಬೆಂಗಳೂರಲ್ಲಿ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡ್ತಾಳೆ. ಮನೆಯ ಹಿಂದೆ ನಮ್ಮ ಅಪ್ಪ ಹಾಕಿದ ದೊಡ್ಡ ಮರ ಇದೆಯಲ್ಲ, ಅದನ್ನ ಈ ಸಲ ಕಡಿಸಿಬಿಡ್ತೀನಿ ಅಂತಲೂ ಹೇಳಿದೆ. ಅವಳು, "ಅಪ್ಪಾ, ಮೊದಲು ಆ ಕ್ರೇಟಿನ ಹಣ್ಣು ಬಿಸಾಡಬೇಡಿ. ಮರದ ವಿಷಯ ಆಮೇಲೆ ಮಾತಾಡೋಣ" ಅಂದಳು. ಆಮೇಲೆ ಒಂದಷ್ಟು ಓದಲಿಕ್ಕೆ ಕಳಿಸಿದಳು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಇಂಗ್ಲಿಷ್ ಇದ್ದದ್ದನ್ನು ಅವಳೇ ರಾತ್ರಿ ಫೋನಲ್ಲಿ ಓದಿ ಹೇಳಿದಳು, ನಾನು ಬರೆದುಕೊಂಡೆ.

ಅದರಲ್ಲಿ ಒಂದು ವಿಷಯ ಕೇಳಿ ನನಗೆ ನಿದ್ದೆ ಬರಲಿಲ್ಲ. ಮೆಕ್ಸಿಕೋ ದೇಶದಲ್ಲಿ ತ್ಲಾಷ್ಕಲಾ ಅಂತ ಒಂದು ಊರು. ಅಲ್ಲಿ 1545ರಲ್ಲಿ, ಅಂದ್ರೆ ಸ್ಪೇನಿನವರು ಮೆಕ್ಸಿಕೋ ಗೆದ್ದು ಇಪ್ಪತ್ತನಾಲ್ಕು ವರ್ಷಕ್ಕೆ, ಸಂತೆಯ ಬೆಲೆಗಳನ್ನು ಅವರದೇ ನಾವಾತ್ಲ್ ಭಾಷೆಯಲ್ಲಿ ಬರೆದಿಟ್ಟಿದ್ದಾರೆ. ಅಲ್ಲಿ ಚಿಲ್ಲರೆ ದುಡ್ಡು ಅಂದ್ರೆ ಕೋಕೋ ಬೀಜ. ನಮ್ಮ ಕಡೆ ಅಡಿಕೆ ತೋಟದ ಮಧ್ಯೆ ಬೆಳೀತೀವಲ್ಲ, ಅದೇ ಕೋಕೋ. ಒಳ್ಳೆ ಹೆಣ್ಣು ಟರ್ಕಿ ಕೋಳಿಗೆ 100 ಬೀಜ. ಅದರ ಮೊಟ್ಟೆಗೆ 3. ದೊಡ್ಡ ಟೊಮೆಟೊ ಒಂದಕ್ಕೆ 1. ಈಗ ಕೇಳಿ: ಆಗ ತಾನೇ ಕೊಯ್ದ ಬೆಣ್ಣೆಹಣ್ಣಿನ ಕಾಯಿಗೆ 3 ಬೀಜ, ಪೂರ್ತಿ ಹಣ್ಣಾಗಿದ್ದಕ್ಕೆ 1 ಬೀಜ.

ನಾನೂರ ಎಂಬತ್ತು ವರ್ಷದ ಹಿಂದಿನ ರೇಟು ಅದು. ನನ್ನ ಮಂಡಿಯವನ ಹೆಬ್ಬೆರಳು ಆಗಲೂ ಇತ್ತು ಅನ್ನಿಸಿತು.

ಮೋಸವೂ ಆಗಲೇ ಇತ್ತು. ಬೆರ್ನಾರ್ದಿನೊ ದೆ ಸಹಗೂನ್ ಅನ್ನೋ ಪಾದ್ರಿ ಅದೇ ಶತಮಾನದಲ್ಲಿ ಅಲ್ಲಿನ ಹಿರಿಯರನ್ನು ಕೂರಿಸಿಕೊಂಡು ಅವರ ಬದುಕನ್ನೆಲ್ಲ ಹನ್ನೆರಡು ಭಾಗದಲ್ಲಿ ಬರೆಸಿದ. ಅದರಲ್ಲಿ ಸಂತೆಯ ಒಳ್ಳೆ ವ್ಯಾಪಾರಿ ಹೇಗಿರ್ತಾನೆ, ಕೆಟ್ಟವನು ಹೇಗಿರ್ತಾನೆ ಅಂತ ಒಬ್ಬೊಬ್ಬರದೂ ಇದೆ. ಕೆಟ್ಟ ಕೋಕೋ ವ್ಯಾಪಾರಿ ಬೆಣ್ಣೆಹಣ್ಣಿನ ಬೀಜ, ಮೇಣ, ದಂಟಿನ ಬೀಜದ ಹಿಟ್ಟು ಇವುಗಳಿಂದ ನಕಲಿ ಕೋಕೋ ಬೀಜ ಮಾಡಿ ಸೇರಿಸ್ತಿದ್ದನಂತೆ. ಖೋಟಾ ನೋಟು ಅನ್ನಿ. ಕಾಳುಮೆಣಸಿಗೆ ಪಪ್ಪಾಯಿ ಬೀಜ ಬೆರೆಸೋರನ್ನು ನೋಡಿರೋ ನಮಗೆ ಇದು ಹೊಸದಲ್ಲ.

ಯಾಕೆ ಈ ಹಣ್ಣಿಗೆ ಹೀಗೆ ಅಂದ್ರೆ, ಇದು ಮರದಲ್ಲಿ ಹಣ್ಣಾಗೋದಿಲ್ಲ. ಬಲೀತದೆ ಅಷ್ಟೇ. ತೊಟ್ಟು ಕಿತ್ತ ಮೇಲೆಯೇ ಮೆತ್ತಗಾಗೋದು. ಕಿತ್ತ ಗಳಿಗೆಯಿಂದ ದಿನ ಎಣಿಸಬೇಕು. ನಾಲ್ಕೈದು ದಿನ ಕಲ್ಲು, ಆಮೇಲೆ ಒಂದೆರಡು ದಿನ ಬೆಣ್ಣೆ, ಆಮೇಲೆ ಕಪ್ಪು. ಕಾಯಿ ಕೊಳ್ಳೋನು ಆ ದಿನಗಳನ್ನೂ ಸೇರಿಸಿ ಕೊಳ್ತಾನೆ. ಹಣ್ಣು ಕೊಳ್ಳೋನಿಗೆ ದಿನವೇ ಉಳಿದಿಲ್ಲ. ನಾವು ಮಾರೋದು ಹಣ್ಣನ್ನಲ್ಲ, ದಿನಗಳನ್ನ. ಇದು ಗೊತ್ತಾಗದೆ ಇಷ್ಟು ವರ್ಷ ಮರ ಸಾಕಿದೆ ನೋಡಿ.

ಹಾಗಾದ್ರೆ ಆ ಕಾಲದಲ್ಲಿ ಒಂದು ಬೀಜದ ಹಣ್ಣನ್ನು ಏನು ಮಾಡ್ತಿದ್ರು? ಅರೆದು ತಿಂತಿದ್ರು. ಅವರ ಭಾಷೆಯಲ್ಲಿ ಈ ಹಣ್ಣಿಗೆ ಆವಕತ್ಲ್, ಗೊಜ್ಜಿಗೆ ಮೊಲ್ಲಿ. ಆವಕಮೊಲ್ಲಿ ಅಂದ್ರೆ ಬೆಣ್ಣೆಹಣ್ಣಿನ ಗೊಜ್ಜು. ಸ್ಪೇನಿನವರ ಬಾಯಲ್ಲಿ ಅದು ಗ್ವಾಕಮೋಲೆ ಆಯ್ತು. ಬೆಂಗಳೂರಿನ ಹೋಟೆಲಲ್ಲಿ ಒಂದು ಚಿಕ್ಕ ಬಟ್ಟಲಿಗೆ ನನ್ನ ಅರ್ಧ ಕ್ರೇಟಿನ ದುಡ್ಡು ತಗೊಳ್ತಾರೆ ಅಂತ ಮಗಳು ಹೇಳೋದು ಇದನ್ನೇ. (ಹಣ್ಣಿನ ಹೆಸರೂ ಸ್ಪೇನಿನವರ ಬಾಯಲ್ಲಿ ತಿರುಗಿ ತಿರುಗಿ, ವಕೀಲರಿಗೆ ಅವರು ಹೇಳೋ ಪದದ ಹತ್ತಿರ ಬಂದು ಅವಕಾಡೊ ಆಯಿತು. ವಕೀಲರಿಗೂ ಹಣ್ಣಿಗೂ ಬೇರೆ ಸಂಬಂಧ ಇಲ್ಲ.)

ಮೊದಲಿನ ಗೊಜ್ಜಿಗೆ ಹಣ್ಣು, ಮೆಣಸಿನಕಾಯಿ, ಟೊಮೆಟೊ, ಉಪ್ಪು, ಅಷ್ಟೇ. ಅರೆಯೋದು ಮೂರು ಕಾಲಿನ ಕಪ್ಪು ಕಲ್ಲಿನ ಒರಳಲ್ಲಿ, ಮೊಲ್ಕಹೇತೆ ಅಂತಾರೆ, ಇವತ್ತಿಗೂ ಅಲ್ಲಿ ಮನೆಮನೆಯಲ್ಲಿದೆ. ಈರುಳ್ಳಿ, ಕೊತ್ತಂಬರಿ ಸೊಪ್ಪು, ನಿಂಬೆ ಮೂರೂ ಆಮೇಲೆ ಸ್ಪೇನಿನವರ ಹಡಗಲ್ಲಿ ಹೋಗಿದ್ದು. ಅದರಲ್ಲೂ ನಿಂಬೆ ನಮ್ಮ ಏಷ್ಯಾದ್ದೇ. ಅಲ್ಲಿಂದ ಪೋರ್ಚುಗೀಸರ ಕೈಯಲ್ಲಿ ಮೆಣಸಿನಕಾಯಿ ನಮಗೆ ಬಂತು. ನಾವು ನಮ್ಮ ಕಾಳುಮೆಣಸಿನ ಹೆಸರನ್ನೇ ಅದಕ್ಕೂ ಇಟ್ಟೆವು. ಅಲ್ಲಿ ಹುಟ್ಟಿದ ಟೊಮೆಟೊ, ಮೆಣಸಿನಕಾಯಿ ಇಲ್ಲದೆ ಇವತ್ತು ನಮ್ಮ ಸಾರಿಲ್ಲ; ಇಲ್ಲಿಯ ನಿಂಬೆ ಇಲ್ಲದೆ ಅವರ ಗೊಜ್ಜಿಲ್ಲ.

ದಿನಗಳ ಲೆಕ್ಕ ಬದಲಾಯಿಸಿದವನು ಒಬ್ಬ ಪೋಸ್ಟ್‌ಮ್ಯಾನ್. ಅವನ ಕತೆ ಹೇಳಲೇಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರುಡಾಲ್ಫ್ ಹ್ಯಾಸ್ ಅಂತ. ಪತ್ರಿಕೆಯಲ್ಲಿ ಅವಕಾಡೊ ಮರಕ್ಕೆ ಡಾಲರ್ ನೋಟು ನೇತುಹಾಕಿದ ಚಿತ್ರ ನೋಡಿ ಲಾ ಹಾಬ್ರಾ ಹೈಟ್ಸ್ ಅನ್ನೋ ಕಡೆ ಒಂದೂವರೆ ಎಕರೆ ತಗೊಂಡ. ಬೀಜ ಹಾಕಿ, ಗಿಡ ಮಾಡಿ, ಅದರ ಮೇಲೆ ಆಗ ಹೆಸರಾಗಿದ್ದ ಫುವೆರ್ತೆ ತಳಿ ಕಸಿ ಕಟ್ಟಿಸಿದ. ಫುವೆರ್ತೆ ಅಂದ್ರೆ ಗಟ್ಟಿಗ. 1911ರಲ್ಲಿ ಮೆಕ್ಸಿಕೋದ ಆತ್ಲಿಷ್ಕೋದಿಂದ ತಂದ ಕಡ್ಡಿಯ ಸಂತಾನ, 1913ರ ಹಿಮಕ್ಕೂ ಸಾಯದೆ ಉಳಿದು ಆ ಹೆಸರು ಪಡೆದದ್ದು. ಹ್ಯಾಸನ ಒಂದು ಗಿಡದಲ್ಲಿ ಮಾತ್ರ ಕಸಿ ಹಿಡೀಲೇ ಇಲ್ಲ. ಮತ್ತೆ ಕಟ್ಟಿಸಿದ, ಮತ್ತೆ ಹೋಯ್ತು. ಕಿತ್ತು ಬಿಸಾಡೋಣ ಅಂತಿದ್ದ. ಕಸಿ ಕಟ್ಟೋ ಮನುಷ್ಯ, ಗಿಡ ಗಟ್ಟಿಯಾಗಿದೆ, ಇರಲಿ ಬಿಡು ಅಂದ. ಬಿಟ್ಟ. ಆ ಗಿಡ ಕಾಯಿ ಬಿಟ್ಟಾಗ ಮಕ್ಕಳು ಫುವೆರ್ತೆ ಬಿಟ್ಟು ಇದನ್ನೇ ತಿನ್ನಲಿಕ್ಕೆ ಶುರು ಮಾಡಿದರು.

ಸಿಪ್ಪೆ ದಪ್ಪ, ಗಂಟುಗಂಟು, ಹಣ್ಣಾದರೆ ಕಪ್ಪು. ಹಸಿರು ಹಣ್ಣು ನೋಡಿ ಅಭ್ಯಾಸವಾದ ಜನಕ್ಕೆ ಮೊದಲು ಕೊಳೆತಂತೆ ಕಂಡಿತು. ಆದ್ರೆ ಬಲಿತ ಮೇಲೂ ತಿಂಗಳುಗಟ್ಟಲೆ ಮರದಲ್ಲೇ ನಿಲ್ತದೆ. ದೂರದ ದಾರಿಯಲ್ಲಿ ಪೆಟ್ಟು ತಡೀತದೆ. ಅಂದ್ರೆ ಬೇಕಾದಾಗ ಕಿತ್ತು ಬೇಕಾದಾಗ ಕಳಿಸಬಹುದು. 1935ರಲ್ಲಿ ಪೇಟೆಂಟ್ ಮಾಡಿಸಿದ. ಅಲ್ಲೇ ಎಡವಿದ್ದು. ತೋಟದವರು ಒಂದು ಗಿಡ ಕೊಂಡು ಅದರ ಕಡ್ಡಿಯಿಂದ ಇಡೀ ತೋಟಕ್ಕೆ ಕಸಿ ಕಟ್ಟಿಕೊಂಡರು. ಜೀವಮಾನದಲ್ಲಿ ಅವನಿಗೆ ಪೇಟೆಂಟಿನಿಂದ ಬಂದದ್ದು 5000 ಡಾಲರ್ ಆಸುಪಾಸು ಅಂತಾರೆ. ಅಂಚೆ ಹಂಚ್ತಾನೇ ಇದ್ದ. 1952ರಲ್ಲಿ ತೀರಿಕೊಂಡ. ತಾಯಿಮರ 2002ರಲ್ಲಿ ಬೇರುಕೊಳೆ ರೋಗಕ್ಕೆ ಹೋಯಿತು. ಇವತ್ತು ಕ್ಯಾಲಿಫೋರ್ನಿಯಾದಲ್ಲಿ ಬೆಳೆಯೋದ್ರಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಅದೇ ಒಂದು ಮರದ ಕಡ್ಡಿಯ ಮಕ್ಕಳು.

ಇನ್ನೊಂದು ವಿಷಯ. ಎಳೆಕಾಯಿ ಕಿತ್ತು ಮಾರಿದ್ರೆ ಅದು ಹಣ್ಣಾಗಲ್ಲ, ರಬ್ಬರಿನಂತೆ ಸುಕ್ಕಾಗ್ತದೆ, ತಿಂದವನು ಆ ವರ್ಷ ಮತ್ತೆ ಕೊಳ್ಳಲ್ಲ. ಅದಕ್ಕೆ ಕ್ಯಾಲಿಫೋರ್ನಿಯಾದವರು 1925ರಲ್ಲೇ ಕಾನೂನು ಮಾಡಿದರು: ತಿರುಳಲ್ಲಿ ಎಣ್ಣೆ ಅಂಶ 100ಕ್ಕೆ 8 ಇರಬೇಕಿತ್ತು, ಕಮ್ಮಿ ಇದ್ರೆ ಮಾರೋ ಹಾಗಿರಲಿಲ್ಲ. ನಮ್ಮಲ್ಲಿ ಮರದ ಲೆಕ್ಕದಲ್ಲಿ ವ್ಯಾಪಾರ ಮಾಡಿ, ರೇಟಿದೆ ಅಂತ ಮೊದಲ ಮಳೆಗೇ ಮರ ಬೋಳಿಸ್ತಾರಲ್ಲ, ಅವರಿಗೆ ಇದನ್ನು ಯಾರು ಹೇಳ್ತಾರೆ? ನಮಗೆ ಯಂತ್ರ ಬೇಡ. ಒಂದು ಕಾಯಿ ಸೀಳಿ ಬೀಜದ ಮೇಲಿನ ಪೊರೆ ನೋಡಿ. ಹಳದಿ ಬಿಳುಪಿದ್ರೆ ಎಳೆದು. ಕಂದು ತಿರುಗಿದ್ರೆ ಬಲಿತಿದೆ. 1980ರ ದಶಕದಲ್ಲಿ ಅಲ್ಲಿಯ ಪ್ಯಾಕಿಂಗ್ ಮನೆಯವರು ಬಾಳೆಗೆ ಮಾಡೋ ಹಾಗೆ ಎಥಿಲೀನ್ ಗ್ಯಾಸ್ ಕೋಣೆಯಲ್ಲಿಟ್ಟು ಇದನ್ನೂ ಹದಕ್ಕೆ ತಂದು ಕಳಿಸಲಿಕ್ಕೆ ಶುರು ಮಾಡಿದರು. ಅಂಗಡಿಯಲ್ಲಿ ಇವತ್ತೇ ತಿನ್ನೋ ಹಣ್ಣು ಸಿಕ್ಕಾಗ ವ್ಯಾಪಾರ ಜೋರಾಯ್ತು. ಆ ದಿನಗಳ ಲಾಭ ಕೋಣೆ ಇದ್ದವನ ಪಾಲಾಯ್ತು, ಮರ ಇದ್ದವನದ್ದಲ್ಲ.

ಮೆಕ್ಸಿಕೋದವರ ಪಾಡೂ ಕೇಳಿ. ಬೀಜದೊಳಗಿನ ಹುಳದ ಕಾರಣ ಹೇಳಿ ಅಮೆರಿಕ 1914ರಲ್ಲಿ ಅವರ ಹಣ್ಣಿಗೆ ಬಾಗಿಲು ಹಾಕಿತು. ಸ್ವಲ್ಪ ಸ್ವಲ್ಪ ತೆರೆದದ್ದು 1997ರಿಂದ. ತೆರೆದ ಮೇಲೆ ಮಿಚೋಆಕಾನ್ ಪ್ರಾಂತ್ಯದಲ್ಲಿ ಪೈನ್ ಕಾಡು ಕಡಿದು ಹ್ಯಾಸ್ ಹಾಕಿದರು, ನೀರಿಗೆ ಜಗಳ ಆಯ್ತು, ದುಡ್ಡು ಕಂಡಲ್ಲಿಗೆ ಗೂಂಡಾ ಗುಂಪುಗಳು ಬಂದು ತೋಟದವರಿಂದ ವಸೂಲಿಗೆ ನಿಂತವು. ನೆರಳು ಮರ ಕಡಿದು ಸಾಲಿಗೆ ಹ್ಯಾಸ್ ಹಾಕೋಣ ಅಂತ ನನ್ನ ಹತ್ತಿರ ಕೇಳಿದ ಇಬ್ಬರಿಗೆ ನಾನು ಬೇಡ ಅಂದಿದ್ದೇನೆ. ಕಾಫಿ ಮಧ್ಯೆ ನಾಲ್ಕು ಹಾಕಿ ನೋಡಿ ಸಾಕು.

ನಮ್ಮ ದೇಶಕ್ಕೆ ಇದು ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಸಿಲೋನಿನಿಂದ ಬಂದದ್ದು. ಕೊಡಗು, ಚಿಕ್ಕಮಗಳೂರು ಕಡೆ ಕಾಫಿ ತೋಟಗಳಲ್ಲಿ, ಬೀಜ ಬಿದ್ದಲ್ಲಿ ಎದ್ದು ನಿಂತಿದೆ. ಬೀಜದ ಮರ ಒಂದರಂತೆ ಒಂದಿರಲ್ಲ. ಒಂದು ನೀರುನೀರು, ಒಂದು ನಾರು, ಒಂದು ಗೋಡಂಬಿ ತಿಂದಂತೆ. ಚೆಟ್ಟಳ್ಳಿ ಕೇಂದ್ರದವರು ಇಂಥ ಮರಗಳಲ್ಲೇ ಹುಡುಕಿ ಆರಿಸಿ ಅರ್ಕಾ ಸುಪ್ರೀಮ್, ಅರ್ಕಾ ಕೂರ್ಗ್ ರವಿ ಅಂತ ತಳಿ ಕೊಟ್ಟಿದ್ದಾರೆ. ಕಡಿಯೋಕೆ ಮುಂಚೆ ನಿಮ್ಮ ಮರದ ಹಣ್ಣನ್ನು ಒಮ್ಮೆ ಗಮನ ಇಟ್ಟು ತಿಂದು ನೋಡಿ.

ನಾನೂ ಅದನ್ನೇ ಮಾಡಿದೆ. ವಾಪಸ್ ತಂದ ಕ್ರೇಟಲ್ಲಿ ಮೂರು ಮರದ ಹಣ್ಣು ಸೇರಿತ್ತು. ಮಗಳು ಫೋನಲ್ಲಿ ಹೇಳಿದ ಹಾಗೆ ಒರಳಲ್ಲಿ ಮೊದಲು ಎರಡು ಸೂಜಿಮೆಣಸು, ಒಂದು ಚಿಕ್ಕ ಈರುಳ್ಳಿಯ ಅರ್ಧ, ಕೊತ್ತಂಬರಿ ಸೊಪ್ಪು, ಕಲ್ಲುಪ್ಪು ಹಾಕಿ ನುಣ್ಣಗೆ ಜಜ್ಜಿದೆ. ಇದು ಮುಖ್ಯ: ಖಾರ ಮೊದಲು, ಹಣ್ಣು ಆಮೇಲೆ. ನಮ್ಮ ಒಂದು ದೊಡ್ಡ ಹಣ್ಣು ಸಾಕು. ಅದನ್ನು ಹಾಕಿ ಅರೆಯಬಾರದು, ಹಿಸುಕಬೇಕು, ನಡುನಡುವೆ ಗಟ್ಟಿ ತುಂಡು ಸಿಗಬೇಕು. ಮಿಕ್ಸಿಗೆ ಹಾಕಿದ್ರೆ ಕೆಟ್ಟಿತು. ಟೊಮೆಟೊ ಬೀಜ, ರಸ ತೆಗೆದು ಸಣ್ಣಗೆ ಹೆಚ್ಚಿ ಕೊನೆಗೆ. ನಿಂಬೆ ಅರ್ಧ ಹೋಳು. ಗಾಳಿ ತಾಗಿದ್ರೆ ಕಪ್ಪಾಗ್ತದೆ, ನಿಂಬೆ ಹುಳಿ ಅದನ್ನು ತಡಮಾಡ್ತದೆ ಅಷ್ಟೇ, ನಿಲ್ಲಿಸಲ್ಲ. ಬೀಜ ಇಟ್ಟರೆ ಕಪ್ಪಾಗಲ್ಲ ಅನ್ನೋದು ಸುಳ್ಳು, ಬೀಜದ ಅಡಿಯಲ್ಲಿ ಗಾಳಿ ಹೋಗದ ಜಾಗ ಮಾತ್ರ ಹಸಿರಿರ್ತದೆ. ಮಾಡಿ ತಕ್ಷಣ ತಿನ್ನಬೇಕು.

ನೀರಿನಂಶದ ಮರದ್ದು ಗೊಜ್ಜಿಗೆ ಬರಲಿಲ್ಲ, ಸಡಿಲ ಆಯ್ತು. ಅದು ಸಕ್ಕರೆ, ಹಾಲು ಹಾಕಿ ಜ್ಯೂಸಿಗೇ ಸರಿ. ಅಪ್ಪನ ಮರದ್ದು ಮಾತ್ರ ಗಟ್ಟಿ, ಎಣ್ಣೆಎಣ್ಣೆ. ಬಿಸಿ ಅಕ್ಕಿರೊಟ್ಟಿಗೆ ಹಚ್ಚಿ ಕೊಟ್ಟರೆ ನಮ್ಮ ಮನೆಯವರು, ಹಣ್ಣಿಗೆ ಉಪ್ಪು ಖಾರ ಯಾರಾದ್ರೂ ಹಾಕ್ತಾರಾ ಅಂತ ನಕ್ಕೋರು, ಮೂರು ರೊಟ್ಟಿ ತಿಂದರು. ನಲವತ್ತು ವರ್ಷ ಆ ಮರದ ಹಣ್ಣಿಗೆ ಸಕ್ಕರೆ ಹಾಕಿ ಅದರ ರುಚಿಯನ್ನೇ ನಾವು ಮುಚ್ಚಿದ್ದೆವು.

ಒಂದು ಎಚ್ಚರಿಕೆ: ಇದರ ಸೊಪ್ಪು, ಸಿಪ್ಪೆ, ಬೀಜ ಆಡು ದನಗಳಿಗೆ ಹಾಕಬೇಡಿ. ವಿಷ. ಹಾಲು ಕೊಡೋ ಹಸುವಿನ ಕೆಚ್ಚಲು ಬಾವು ಬರ್ತದೆ.

ಮರ ಕಡಿಯೋನಿಗೆ ಫೋನ್ ಮಾಡಿ ಬರಬೇಡ ಅಂದೆ. ಅಪ್ಪನ ಮರದ ಕಾಯಿ ಪೂರ್ತಿ ಕೀಳದೆ ಮೂರು ಸಲಕ್ಕೆ ಹಂಚಿ ಕೀಳ್ತಾ ಇದ್ದೇನೆ. ಒಂದು ಬುಟ್ಟಿ ಅಟ್ಟದ ಮೇಲೆ ಬಾಳೆಹಣ್ಣಿನ ಜೊತೆ ಗೋಣಿ ಮುಚ್ಚಿ ಇಟ್ಟಿದೆ, ಶನಿವಾರಕ್ಕೆ ಹದ ಬರ್ತದೆ. ಆ ಕಡೆ ಬಂದವರು ಒರಳು ತೊಳೆದಿಟ್ಟಿರ್ತೀನಿ, ಬನ್ನಿ. ಕಸಿಗೆ ಕಡ್ಡಿ ಬೇಕಾದವರು ಮಳೆ ಕಮ್ಮಿ ಆದ ಮೇಲೆ ಹೇಳಿ, ಕೊಡ್ತೀನಿ.