ಊರಿನ ಹೆಸರಿನ ಪದವಿ: ಮೈಸೂರಿನಿಂದ ನೈರೋಬಿಗೆ

ಲ್ಯಾವಿಂಗ್ಟನ್ನಿನ ನಮ್ಮ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಹೊಸದೊಂದು ಸಡಗರ ಕಾಣಿಸಿಕೊಂಡಿದೆ. ಇಲ್ಲಿಯೇ ಬೆಳೆದ ಮಕ್ಕಳು ಇಲ್ಲಿಯೇ ಓದು ಮುಗಿಸಿ ಘಟಿಕೋತ್ಸವಕ್ಕೆ ಅರ್ಜಿ ತುಂಬುತ್ತಿದ್ದಾರೆ. ಗ್ರಂಥಾಲಯದ ಪುಸ್ತಕಗಳನ್ನು ಹಿಂದಿರುಗಿಸಿದ್ದಕ್ಕೆ ಒಂದು ಸಹಿ, ಶುಲ್ಕದ ಬಾಕಿ ಇಲ್ಲವೆಂಬುದಕ್ಕೆ ಒಂದು ಸಹಿ, ವಿಭಾಗದ್ದು ಮತ್ತೊಂದು. ಬಳಿಕ ನಿಲುವಂಗಿಯ ಬಾಡಿಗೆ. ಕೊನೆಗೆ ಅಚ್ಚಾಗುವ ಪುಸ್ತಿಕೆಯಲ್ಲಿ ಹೆಸರು ಬಂದಿತೇ ಎಂಬ ತವಕ. ಸ್ವಾಹಿಲಿಯಲ್ಲಿ ಈ ಸಮಾರಂಭಕ್ಕೆ ‘ಮಹಫಾಲಿ’ ಎಂದು ಹೆಸರು. ಇದನ್ನೆಲ್ಲ ನೋಡುವಾಗ ಹಿರಿಯರಾದ ನಮಗೆ ಒಳಗೊಳಗೇ ಸಂಕೋಚವಾಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಅರ್ಜಿಯಲ್ಲಿ ‘ಗೈರುಹಾಜರಿ’ ಎಂಬಲ್ಲಿ ಗುರುತು ಹಾಕಿ, ಅಂಚೆಯಲ್ಲಿ ಬಂದ ಪ್ರಮಾಣಪತ್ರವನ್ನು ಬೀರುವಿನಲ್ಲಿಟ್ಟು ಕೆಲಸ ಹುಡುಕಿಕೊಂಡು ಹೊರಟವರು.

ಘಟಿಕೋತ್ಸವ ಎಂಬ ಮಾತಿನೊಳಗೆ ‘ಘಟಿಕೆ’ ಇದೆ. ಅದು ಪ್ರಾಚೀನ ವಿದ್ಯಾಸ್ಥಾನದ ಹೆಸರು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಶಾಸನವು, ಮಯೂರಶರ್ಮನು ಗುರು ವೀರಶರ್ಮನೊಡನೆ ಕಾಂಚಿಯ ಘಟಿಕೆಗೆ ಓದಲು ಹೋದನೆಂದೂ ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಕಲಹವಾಯಿತೆಂದೂ ಹೇಳುತ್ತದೆ. ಅವನು ಓದು ಬಿಟ್ಟು ಖಡ್ಗ ಹಿಡಿದು ಕದಂಬ ರಾಜ್ಯವನ್ನು ಕಟ್ಟಿದ. ಪರದೇಶದಲ್ಲಿ ಓದಲು ಹೋದ ಕನ್ನಡ ವಿದ್ಯಾರ್ಥಿಗಳಲ್ಲಿ ನಮಗೆ ತಿಳಿದ ಮೊದಲಿಗನು ಹೀಗೆ ಪದವಿ ಪಡೆಯದೆಯೇ ಹಿಂದಿರುಗಿದನೆಂಬುದು ನಮ್ಮ ಸಂಘದ ಹಳೆಯ ನಗೆಮಾತು.

ಆಧುನಿಕ ಕಾಲದಲ್ಲಿಯೂ ನಮ್ಮವರು ಪದವಿಗಾಗಿ ಪರಸ್ಥಳದತ್ತಲೇ ನೋಡಬೇಕಾಗಿತ್ತು. ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಪಾಠ ಇಲ್ಲಿ, ಪದವಿ ಅಲ್ಲಿಯದು. ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದ ಎಂ. ವಿಶ್ವೇಶ್ವರಯ್ಯನವರ ಪದವಿಯೂ ಮದರಾಸಿನದೇ. ಅವರು ದಿವಾನರಾಗಿದ್ದಾಗ, 1916ರ ಜುಲೈ 27ರಂದು, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ ಭಾರತದಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯವಿದು. 1918ರ ಅಕ್ಟೋಬರಿನಲ್ಲಿ ಅದರ ಪ್ರಥಮ ಘಟಿಕೋತ್ಸವ ನಡೆದಾಗ ಭಾಷಣ ಮಾಡಲು ಕಲ್ಕತ್ತೆಯಿಂದ ಸರ್ ಆಶುತೋಷ್ ಮುಖರ್ಜಿಯವರು ಬಂದರು. ಮೈಸೂರಿನ ವಿದ್ಯಾರ್ಥಿಗೆ ಮೈಸೂರೇ ‘ನೀನು ಪದವೀಧರ’ ಎಂದು ಹೇಳುವ ಅಧಿಕಾರ ಬಂದುದು ಹೀಗೆ. ಅಂದಿನ ನಿಲುವಂಗಿಗೆ, ಮೆರವಣಿಗೆಗೆ ಅರ್ಥ ಬಂದದ್ದು ಆ ಅಧಿಕಾರದಿಂದಲೇ ಎಂದು ನಾವು ತಿಳಿಯುತ್ತೇವೆ.

ಅದೇ 1918ರಲ್ಲಿ ಮಹಾರಾಜಾ ಕಾಲೇಜಿಗೆ ತತ್ವಶಾಸ್ತ್ರದ ತರುಣ ಪ್ರಾಧ್ಯಾಪಕರೊಬ್ಬರು ಬಂದರು: ಎಸ್. ರಾಧಾಕೃಷ್ಣನ್. 1921ರಲ್ಲಿ ಆಶುತೋಷ್ ಮುಖರ್ಜಿಯವರು ಅವರನ್ನು ಕಲ್ಕತ್ತೆಗೆ ಕರೆಸಿಕೊಂಡಾಗ, ವಿದ್ಯಾರ್ಥಿಗಳು ಗಾಡಿಯ ಕುದುರೆಗಳನ್ನು ಬಿಚ್ಚಿ, ತಾವೇ ಎಳೆದು ಗುರುಗಳನ್ನು ರೈಲು ನಿಲ್ದಾಣಕ್ಕೆ ಮುಟ್ಟಿಸಿದ ಪ್ರಸಂಗವನ್ನು ನಾವೆಲ್ಲ ಶಾಲೆಯಲ್ಲಿ ಕೇಳಿಯೇ ಬೆಳೆದೆವು. ನೈರೋಬಿಗೆ ಬಂದ ಮೇಲೆ ತಿಳಿದ ಸಂಗತಿಯೆಂದರೆ, ಆ ಗುರುಗಳು ಈ ಊರಿನ ವಿದ್ಯಾಚರಿತ್ರೆಯಲ್ಲಿಯೂ ಇದ್ದಾರೆ.

ಪೂರ್ವ ಆಫ್ರಿಕದ ಭಾರತೀಯರು ಗಾಂಧೀಜಿಯವರ ನೆನಪಿಗೆ ಇಲ್ಲೊಂದು ವಿದ್ಯಾಸಂಸ್ಥೆ ಕಟ್ಟಬೇಕೆಂದು ಹಣ ಕೂಡಿಸಿದ್ದರು. ಆ ವೇಳೆಗೆ ಸರ್ಕಾರವೂ ರಾಯಲ್ ಟೆಕ್ನಿಕಲ್ ಕಾಲೇಜನ್ನು ಕಟ್ಟಿಸುತ್ತಿತ್ತು. ಒಂದೇ ಊರಿನಲ್ಲಿ ಎರಡೇಕೆ ಎಂದು 1954ರಲ್ಲಿ ಗಾಂಧಿ ಸ್ಮಾರಕ ಅಕಾಡೆಮಿಯನ್ನು ಅದರೊಡನೆ ಸೇರಿಸಲಾಯಿತು. 1956ರಲ್ಲಿ ತರಗತಿಗಳು ಆರಂಭವಾದವು. ಅದೇ ವರ್ಷದ ಜುಲೈನಲ್ಲಿ, ಆಗ ಭಾರತದ ಉಪರಾಷ್ಟ್ರಪತಿಗಳಾಗಿದ್ದ ರಾಧಾಕೃಷ್ಣನ್ನರು ಬಂದು ಆವರಣದಲ್ಲಿ ಗಾಂಧಿ ಪ್ರತಿಮೆಯನ್ನು ಅನಾವರಣ ಮಾಡಿದರು. ಮೈಸೂರು ವಿಶ್ವವಿದ್ಯಾನಿಲಯಕ್ಕೆ ಅದರ ವಿದ್ಯಾರ್ಥಿಯೇ ಆಗಿದ್ದ ಕುವೆಂಪು ಅವರು ಕುಲಪತಿಗಳಾದದ್ದೂ 1956ರಲ್ಲಿಯೇ. ಅಲ್ಲಿ ಮನೆಯ ಮಗ ಯಜಮಾನನಾದ ವರ್ಷ, ಇಲ್ಲಿ ಮನೆಗೆ ಬಾಗಿಲು ತೆರೆದ ವರ್ಷ.

ಆದರೆ ನೈರೋಬಿಯೂ ಮೈಸೂರಿನಂತೆಯೇ ಕಾಯಬೇಕಾಯಿತು. 1961ರಲ್ಲಿ ಕಾಲೇಜು ಲಂಡನ್ ವಿಶ್ವವಿದ್ಯಾನಿಲಯದೊಡನೆ ವಿಶೇಷ ಸಂಬಂಧಕ್ಕೆ ಬಂದಿತು. ನೈರೋಬಿಯಲ್ಲಿ ಕುಳಿತು ಲಂಡನ್ನಿನ ಪದವಿಗೆ ಓದುವುದು. (ನಮ್ಮ ಲ್ಯಾವಿಂಗ್ಟನ್ನಿನಲ್ಲಿ ಎಲ್ಲ ಜನಾಂಗದ ವಿದ್ಯಾರ್ಥಿಗಳನ್ನೂ ಒಟ್ಟಿಗೆ ಕೂರಿಸಿದ ಸ್ಟ್ರಾತ್‌ಮೋರ್ ಕಾಲೇಜು ಆರಂಭವಾದದ್ದೂ ಅದೇ 1961ರಲ್ಲಿ, ಆಗಿನ್ನೂ ವಸಾಹತು ಆಡಳಿತ ಮುಗಿದಿರಲಿಲ್ಲ.) 1963ರಲ್ಲಿ ಮಕೆರೆರೆ, ದಾರ್ ಎಸ್ ಸಲಾಮ್, ನೈರೋಬಿ ಮೂರೂ ಸೇರಿ ಪೂರ್ವ ಆಫ್ರಿಕ ವಿಶ್ವವಿದ್ಯಾನಿಲಯವಾದಾಗ ಜೂಲಿಯಸ್ ನ್ಯೆರೆರೆ ಕುಲಾಧಿಪತಿಯಾದರು. 1970ರಲ್ಲಿ ಅದು ಮೂರಾಗಿ ಒಡೆದು ನೈರೋಬಿ ವಿಶ್ವವಿದ್ಯಾನಿಲಯ ತಾನೇ ಪದವಿ ಕೊಡುವಂತಾಯಿತು. ಜೋಮೊ ಕೆನ್ಯಾಟ್ಟಾ ಮೊದಲ ಕುಲಾಧಿಪತಿ. ದೇಶದ ಅಧ್ಯಕ್ಷರೇ ಆ ಪೀಠದಲ್ಲಿ ಕೂರುವ ಪದ್ಧತಿ 2003ರವರೆಗೆ ನಡೆಯಿತು. ಮುಂದೆ ಭಾರತೀಯ ಮೂಲದ ವಿಜೂ ರತ್ತನ್ಸಿ ಅವರೂ ಅಲ್ಲಿ ಕುಳಿತು ಪದವಿ ಪ್ರದಾನ ಮಾಡಿದರು.

ಇಲ್ಲಿಯ ಪದವಿ ಪ್ರದಾನದ ವಾಕ್ಯವೊಂದು ದೇಶಕ್ಕೆಲ್ಲ ಬಾಯಿಪಾಠ. ಪದವಿಯ ಜೊತೆಗೆ ಕುಲಾಧಿಪತಿಗಳು ‘ಓದುವ ಅಧಿಕಾರ’ವನ್ನೂ ಕೊಡುತ್ತಾರೆ. ಹಾಗಾದರೆ ಇಷ್ಟು ವರ್ಷ ಅಧಿಕಾರವಿಲ್ಲದೆಯೇ ಓದಿದೆವೇ ಎಂದು ಹುಡುಗರು ನಗುತ್ತಾರೆ. ಮಧ್ಯಯುಗದ ಯೂರೋಪಿನಲ್ಲಿ ಓದುವುದೆಂದರೆ ಗ್ರಂಥವನ್ನು ಓದಿ ಪಾಠ ಹೇಳುವುದು. ನಮಗೆ ಮಾನಸಗಂಗೋತ್ರಿಯಲ್ಲಿ ಕಲಿಸಿದ ‘ರೀಡರ್’ಗಳ ಹುದ್ದೆಯ ಹೆಸರೂ ಅಲ್ಲಿಂದಲೇ ಬಂದದ್ದು. ಕಲಿತದ್ದು ಸಾಕು, ಇನ್ನು ಕಲಿಸು ಎಂಬ ಅಪ್ಪಣೆ ಅದು.

ಸಭಾಂಗಣದ ಗಾಂಭೀರ್ಯ ಹೊರಗಿನ ಹುಲ್ಲುಹಾಸಿಗೆ ಬಂದೊಡನೆ ಕರಗಿಹೋಗುತ್ತದೆ. ದೂರದ ಹಳ್ಳಿಗಳಿಂದ ವಾಹನ ಮಾಡಿಕೊಂಡು ಬಂದ ಬಂಧುಗಳು ಮಿರುಗುವ ಕಾಗದದ ಹಾರಗಳನ್ನು ಮಕ್ಕಳ ಕೊರಳಿಗೆ ಹಾಕುತ್ತಾರೆ; ಅಜ್ಜಿಯರು ನಾಲಗೆಯಾಡಿಸಿ ಮಂಗಳಧ್ವನಿ ಎತ್ತುತ್ತಾರೆ. ನಮ್ಮ ಮನೆಯವರು ಮಲ್ಲಿಗೆಯ ದಂಡೆ ಹಿಡಿದು ಮೊದಲು ಒಂದು ಪಕ್ಕಕ್ಕೆ ನಿಂತಿರುತ್ತಾರೆ. ಪಕ್ಕದ ಅಜ್ಜಿ ನಮ್ಮ ಮಗುವಿಗಾಗಿಯೂ ಧ್ವನಿಯೆತ್ತಿದ ಮೇಲೆ ಆ ಸಂಕೋಚ ಉಳಿಯುವುದಿಲ್ಲ.

ಒಂದು ತೊಡಕನ್ನು ಮಾತ್ರ ಈ ವರ್ಷ ಅರ್ಜಿ ತುಂಬುವವರಿಗೆ ಹೇಳಬೇಕು. ನಮ್ಮ ಹೆಸರುಗಳ ಮುಂದೆ ಊರು, ತಂದೆಯ ಹೆಸರು ಒಂದೊಂದೇ ಅಕ್ಷರವಾಗಿ ನಿಂತಿರುತ್ತವೆ. ಇಲ್ಲಿಯ ಅರ್ಜಿ ಕುಲನಾಮವನ್ನು ಕೇಳುತ್ತದೆ. ಒಬ್ಬ ಹುಡುಗಿಯ ಹೆಸರು ಪುಸ್ತಿಕೆಯಲ್ಲಿ ಅವಳ ಅಜ್ಜನ ಊರಿನ ಹೆಸರಾಗಿ ಅಚ್ಚಾಗಿ, ಸಮಾರಂಭದಲ್ಲಿ ಹಾಗೆಯೇ ಓದಲ್ಪಟ್ಟಿತು. ಅಜ್ಜನಿಗೆ ಬಹಳ ಸಂತೋಷವಾಯಿತು; ಅವಳಿಗೆ ಪ್ರಮಾಣಪತ್ರ ತಿದ್ದಿಸಿಕೊಳ್ಳಲು ತಿಂಗಳುಗಳೇ ಹಿಡಿದವು. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರನ್ನು ಬಿಡಿಸಿ ಬರೆಯಿರಿ, ಕರಡು ಪಟ್ಟಿ ಪ್ರಕಟವಾದ ದಿನವೇ ಹೋಗಿ ನೋಡಿರಿ.