ಮಾತ್ರೆಗೆ ಬಿಲ್, ಸಲಹೆಗೆ ಸೊನ್ನೆ

ಅಮೆರಿಕದ ಫಾರ್ಮಸಿಸ್ಟರ ಸಂಘ 1952ರಲ್ಲಿ ಒಪ್ಪಿಕೊಂಡ ನೀತಿಸಂಹಿತೆಯಲ್ಲಿ ವಿಚಿತ್ರವಾದ ಒಂದು ನಿಯಮವಿತ್ತು. ವೈದ್ಯರು ಬರೆದ ಔಷಧದಲ್ಲಿ ಏನಿದೆ, ಅದು ಮೈಯಲ್ಲಿ ಏನು ಮಾಡುತ್ತದೆ ಎಂಬುದನ್ನು ಫಾರ್ಮಸಿಸ್ಟ್ ರೋಗಿಯೊಂದಿಗೆ ಚರ್ಚಿಸಕೂಡದು. ಕೇಳಿದರೆ ಡಾಕ್ಟರ ಬಳಿಗೇ ಕಳಿಸಬೇಕು. ಔಷಧಶಾಸ್ತ್ರ ಓದಿದವನಿಗೇ ಔಷಧದ ವಿಷಯದಲ್ಲಿ ಬಾಯಿಗೆ ಬೀಗ! 1969ರ ಪರಿಷ್ಕರಣೆಯಲ್ಲಿ ಈ ನಿಯಮ ಹೋಯಿತು. ಆದರೆ ಅಷ್ಟರಲ್ಲಿ, 1965ರಲ್ಲೇ, ಹಿರಿಯ ನಾಗರಿಕರ ಸರ್ಕಾರಿ ವಿಮೆಯಾದ ಮೆಡಿಕೇರ್ ಕಾನೂನಾಗಿತ್ತು. ವೈದ್ಯರ ಸೇವೆಗೆ, ಹೊರರೋಗಿ ಚಿಕಿತ್ಸೆಗೆ ಹಣ ಕೊಡುವ ಅದರ ‘ಪಾರ್ಟ್ ಬಿ’ ಭಾಗದಲ್ಲಿ ಫಾರ್ಮಸಿಸ್ಟರ ಹೆಸರಿಲ್ಲ. ಮುಂದಿನ ಅರವತ್ತು ವರ್ಷಗಳ ತಕರಾರೆಲ್ಲ ಈ ಒಂದು ಗೈರುಹಾಜರಿಯ ಸುತ್ತಲೇ ನಡೆದಿದೆ.

ನಿಯಮ ಬದಲಾಗಲೆಂದು ಕಾಯದೆ ಮುಂದೆ ಹೋದವರೂ ಇದ್ದರು. ವರ್ಜೀನಿಯಾದ ಬೆರಿವಿಲ್ ಎಂಬ ಸಣ್ಣ ಊರಿನ ಯೂಜೀನ್ ವೈಟ್ 1960ರಲ್ಲಿ ತಮ್ಮ ಔಷಧ ಅಂಗಡಿಯಿಂದ ಸೋಡಾ ಕೌಂಟರು, ಸೌಂದರ್ಯವರ್ಧಕಗಳನ್ನೆಲ್ಲ ತೆಗೆದುಹಾಕಿ ಅದನ್ನೊಂದು ಕಚೇರಿಯಂತೆ ಮಾಡಿದರು. ಪ್ರತಿ ಕುಟುಂಬದ ಔಷಧಗಳ ದಾಖಲೆ ಇಟ್ಟರು. ಇಂದು ಔಷಧ ಅಂಗಡಿಗಳ ಕಂಪ್ಯೂಟರುಗಳಲ್ಲಿ ಇರುವ ರೋಗಿಯ ಔಷಧ ವಿವರಕ್ಕೆ ಅದೇ ಹಿರಿಯಣ್ಣ.

1990ರಲ್ಲಿ ಎರಡು ಸಂಗತಿಗಳು ನಡೆದವು. ಔಷಧ ಕೊಟ್ಟರೆ ಸಾಲದು, ಅದರಿಂದ ರೋಗಿಗೆ ಏನಾಯಿತು ಎಂಬುದಕ್ಕೂ ಫಾರ್ಮಸಿಸ್ಟ್ ಹೊಣೆ ಎಂದು ಫಾರ್ಮಸಿ ಪ್ರಾಧ್ಯಾಪಕರಾದ ಹೆಪ್ಲರ್ ಮತ್ತು ಸ್ಟ್ರ್ಯಾಂಡ್ ಪ್ರಬಂಧ ಬರೆದರು. ಅದೇ ವರ್ಷ ಸಂಸತ್ತು, ಬಡವರ ವಿಮೆಯಾದ ಮೆಡಿಕೇಡ್‌ನ ರೋಗಿಗಳಿಗೆ ಔಷಧದ ಬಗ್ಗೆ ತಿಳಿಹೇಳಲು ಫಾರ್ಮಸಿಸ್ಟ್ ಮುಂದಾಗಬೇಕೆಂದು ಕಾನೂನು ಮಾಡಿತು. 1993ರಿಂದ ಅದು ಜಾರಿಗೆ ಬಂತು. ಕರ್ತವ್ಯ ಬಂತು, ಅದಕ್ಕೆ ಸಂಬಳ ಬರಲಿಲ್ಲ. ಅನೇಕ ಕಡೆ ‘ಸಲಹೆ ಬೇಡ’ ಎಂದು ಗಿರಾಕಿಯ ಸಹಿ ಹಾಕಿಸಿಕೊಳ್ಳುವುದೇ ಆ ಕರ್ತವ್ಯವಾಯಿತು.

ಹಣ ಕೊಟ್ಟು ನೋಡಿದ್ದು ನಾರ್ತ್ ಕ್ಯಾರೊಲಿನಾದ ಆ್ಯಶ್‌ವಿಲ್ ನಗರ. ಆ ನಗರಾಡಳಿತ ನೌಕರರ ಚಿಕಿತ್ಸಾ ವೆಚ್ಚವನ್ನು ತಾನೇ ಭರಿಸುತ್ತಿತ್ತು. ಹಾಗಾಗಿ ಉಳಿದ ಪ್ರತಿ ಡಾಲರೂ ಅದರದೇ ಬೊಕ್ಕಸಕ್ಕೆ. 1996ರಲ್ಲಿ ಅದು ಸಕ್ಕರೆ ಕಾಯಿಲೆಯ ನೌಕರರ ಮುಂದೆ ಒಂದು ಒಪ್ಪಂದವಿಟ್ಟಿತು: ತರಬೇತಿ ಪಡೆದ ಊರಿನ ಫಾರ್ಮಸಿಸ್ಟರನ್ನು ತಪ್ಪದೆ ಭೇಟಿಯಾದರೆ ಸಕ್ಕರೆ ಕಾಯಿಲೆಯ ಔಷಧಕ್ಕೆ ನೌಕರರು ಕೈಯಿಂದ ಕೊಡಬೇಕಾದ ಪಾಲು ಮಾಫಿ. ಫಾರ್ಮಸಿಸ್ಟರ ಸಮಯಕ್ಕೆ ನಗರವೇ ಶುಲ್ಕ ಕೊಟ್ಟಿತು. 2003ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಸಕ್ಕರೆ ಹತೋಟಿ ಸುಧಾರಿಸಿತು, ಅನಾರೋಗ್ಯದ ರಜೆಯ ದಿನಗಳು ಇಳಿದವು, ನೇರ ಚಿಕಿತ್ಸಾ ವೆಚ್ಚ ರೋಗಿಯೊಬ್ಬರಿಗೆ ವರ್ಷಕ್ಕೆ 1,200ರಿಂದ 1,872 ಡಾಲರಿನಷ್ಟು ತಗ್ಗಿತು. ಔಷಧದ ಖರ್ಚು ಏರಿತು ನಿಜ, ಆಸ್ಪತ್ರೆಯ ಖರ್ಚು ಅದಕ್ಕಿಂತ ಹೆಚ್ಚು ಇಳಿಯಿತು. ಭಾಗವಹಿಸಿದ್ದು ಸಣ್ಣ ಗುಂಪು, ತಾವಾಗಿ ಬಂದವರು ಎಂಬ ಆಕ್ಷೇಪವೂ ಸರಿಯೇ. ಆದರೂ ಈ ಕ್ಷೇತ್ರದಲ್ಲಿ ಇಷ್ಟು ಸರಳವಾದ, ಇಷ್ಟು ಧೈರ್ಯದ ಪ್ರಯೋಗ ಮತ್ತೊಂದು ನನಗೆ ಕಾಣುವುದಿಲ್ಲ.

ಅದೇ 2003ರಲ್ಲಿ ಬಂದ ಕಾನೂನೊಂದರಿಂದ ಹುಟ್ಟಿ 2006ರಲ್ಲಿ ಆರಂಭವಾದ ಮೆಡಿಕೇರ್‌ನ ‘ಪಾರ್ಟ್ ಡಿ’ ಔಷಧ ವಿಮೆಯಲ್ಲಿ ರೋಗಿಯ ಎಲ್ಲ ಔಷಧಗಳನ್ನೂ ಒಟ್ಟಿಗೆ ಪರಿಶೀಲಿಸುವ ಸೇವೆ ಸೇರಿತು. ಆದರೆ ಅದರ ವೆಚ್ಚವನ್ನು ವಿಮಾ ಕಂಪನಿಯ ಆಡಳಿತ ಖರ್ಚಿಗೆ ಸೇರಿಸಲಾಯಿತು. ಖರ್ಚು ಕಡಿಮೆ ಮಾಡಬೇಕಾದವರಿಗೇ ಖರ್ಚು ಮಾಡಲು ಹೇಳಿದರೆ ಆಗುವುದೇ ಆಯಿತು. ಹಲವು ಕಾಯಿಲೆ, ಹಲವು ಔಷಧ, ಜೊತೆಗೆ ವರ್ಷಕ್ಕೆ 4,000 ಡಾಲರಿನ ಔಷಧ ವೆಚ್ಚ ಇದ್ದವರಿಗೆ ಮಾತ್ರ ಅರ್ಹತೆ. ಈ ಮಿತಿ 2010ರಲ್ಲಿ 3,000ಕ್ಕೆ, 2025ರಲ್ಲಿ 1,623ಕ್ಕೆ ಇಳಿಯಿತು. ಬಿಲ್ ಮಾಡಲು ಫಾರ್ಮಸಿಸ್ಟರಿಗೆ ಪ್ರತ್ಯೇಕ ಸಂಕೇತಸಂಖ್ಯೆಗಳು 2008ರಲ್ಲಿ ಕಾಯಂ ಆದವು. ಸಂಖ್ಯೆ ಇದ್ದ ಮಾತ್ರಕ್ಕೆ ವಿಮೆಯವರು ಹಣ ಕೊಡಲೇಬೇಕೆಂದಿಲ್ಲವಲ್ಲ.

ಬೀಗ ಒಡೆದದ್ದು ರಾಜ್ಯಗಳು. ಮಿನೆಸೋಟ 2006ರಲ್ಲೇ ತನ್ನ ಮೆಡಿಕೇಡ್‌ನಿಂದ ಫಾರ್ಮಸಿಸ್ಟರ ಔಷಧ ಪರಿಶೀಲನೆಯ ಸೇವೆಗೆ ಹಣ ಕೊಡತೊಡಗಿತು. ವಾಷಿಂಗ್ಟನ್ ರಾಜ್ಯದ ಕಥೆ ಇನ್ನೂ ಸ್ವಾರಸ್ಯಕರ. ಎಲ್ಲ ವರ್ಗದ ಚಿಕಿತ್ಸಕರನ್ನೂ ವಿಮೆ ಒಳಗೊಳ್ಳಬೇಕೆಂಬ ಕಾನೂನು ಅಲ್ಲಿ 1995ರಲ್ಲೇ ಇತ್ತು. ಅದು ಫಾರ್ಮಸಿಸ್ಟರಿಗೂ ಅನ್ವಯವೆಂದು ಬಿಡಿಸಿ ಹೇಳಲು ಇಪ್ಪತ್ತು ವರ್ಷ ಹಿಡಿಯಿತು. 2015ರ ಕಾನೂನು ಖಾಸಗಿ ವಿಮಾ ಕಂಪನಿಗಳು ಫಾರ್ಮಸಿಸ್ಟರನ್ನು ತಮ್ಮ ಜಾಲದಲ್ಲಿ ಸೇರಿಸಿಕೊಳ್ಳಲೇಬೇಕೆಂದಿತು, 2017ರಿಂದ ಅದು ಪೂರ್ತಿ ಜಾರಿಯಾಯಿತು. ಅಂದರೆ ವೈದ್ಯರು ಮಾಡಿದರೆ ಹಣ ಕೊಡುವ ಕೆಲಸವನ್ನು ಪರವಾನಗಿಯ ವ್ಯಾಪ್ತಿಯೊಳಗೆ ಫಾರ್ಮಸಿಸ್ಟ್ ಮಾಡಿದರೂ ಕೊಡಬೇಕು. ಕ್ಯಾಲಿಫೋರ್ನಿಯಾ, ಓಹಾಯೊ ರಾಜ್ಯಗಳೂ ತಮ್ಮದೇ ರೀತಿಯಲ್ಲಿ ಈ ದಾರಿ ಹಿಡಿದವು.

ಕೋವಿಡ್ ಬಂದಾಗ ದೇಶ ಲಸಿಕೆಗೆ ಓಡಿದ್ದು ಔಷಧ ಅಂಗಡಿಗಳಿಗೇ. 2022ರ ಜುಲೈನಲ್ಲಿ ಕೋವಿಡ್ ಮಾತ್ರೆ ಪ್ಯಾಕ್ಸ್‌ಲೋವಿಡ್ ಬರೆದುಕೊಡುವ ಅಧಿಕಾರ ಷರತ್ತಿನೊಂದಿಗೆ ಫಾರ್ಮಸಿಸ್ಟರಿಗೂ ಸಿಕ್ಕಿತು. ರೋಗಿಯನ್ನು ಪರಿಶೀಲಿಸಿದ್ದಕ್ಕೆ ಮೆಡಿಕೇರ್‌ನಲ್ಲಿ ಶುಲ್ಕ ಮಾತ್ರ ಇರಲಿಲ್ಲ. ಫಾರ್ಮಸಿಸ್ಟರನ್ನು ಪಾರ್ಟ್ ಬಿ ಪಟ್ಟಿಗೆ ಸೇರಿಸುವ ಮಸೂದೆಗಳು 2014ರಿಂದ ಮತ್ತೆ ಮತ್ತೆ ಮಂಡನೆಯಾಗಿ ಬಿದ್ದುಹೋಗಿವೆ. ಈ ನಡುವೆ ಪೋಷಣಾ ತಜ್ಞರು 2002ರಲ್ಲಿ, ಮಾನಸಿಕ ಆರೋಗ್ಯದ ಆಪ್ತಸಮಾಲೋಚಕರು 2024ರಲ್ಲಿ ಒಳಗೆ ಬಂದರು. ಆ್ಯಶ್‌ವಿಲ್‌ನ ಲೆಕ್ಕ ಎಲ್ಲರ ಕಣ್ಣೆದುರಿಗಿತ್ತು. ಹಣ ಹರಿದದ್ದು ಮಾತ್ರ ಪಾವತಿಯನ್ನೇ ಕಾನೂನು ಕಡ್ಡಾಯ ಮಾಡಿದ ಕಡೆ.

ನಮ್ಮ ಭಾರತದಲ್ಲಿ ಫಾರ್ಮಸಿಸ್ಟರ ಸಲಹೆಗೆ ಹಣ ಕೊಡುವವರು ಯಾರೆಂಬ ಪ್ರಶ್ನೆಯೇ ಇನ್ನೂ ಹುಟ್ಟಿಲ್ಲ. ಆರು ವರ್ಷದ ಫಾರ್ಮ್-ಡಿ (ಡಾಕ್ಟರ್ ಆಫ್ ಫಾರ್ಮಸಿ) ಕೋರ್ಸ್ 2008ರಲ್ಲಿ ಬಂತು. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು, ರೋಗಿಯ ಬಳಿಯೇ ಔಷಧದ ನಿಗಾ ವಹಿಸುವ ಕ್ಲಿನಿಕಲ್ ಫಾರ್ಮಸಿಗೆ ಅದಕ್ಕೂ ಮೊದಲಿನಿಂದಲೇ ಹೆಸರಾಗಿತ್ತು. ರೋಗಿಗೆ ತಿಳಿಹೇಳುವುದು ಫಾರ್ಮಸಿಸ್ಟರ ಕರ್ತವ್ಯವೆಂದು 2015ರ ನಿಯಮಾವಳಿ ಹೇಳಿದೆ. ವಿಮೆ ಮಾತ್ರ ಬಹುಪಾಲು ಆಸ್ಪತ್ರೆಗೆ ದಾಖಲಾದವರಿಗೇ. ಮನೆಯಲ್ಲಿ ದಿನಾ ನುಂಗುವ ಬಿಪಿ, ಶುಗರ್ ಮಾತ್ರೆಯ ಖರ್ಚು ಜೇಬಿನಿಂದಲೇ. ಆ್ಯಶ್‌ವಿಲ್ ಮಾಡಿದ್ದನ್ನು ಮಾಡಲು ಬೇಕಾದದ್ದು ನೌಕರರ ಚಿಕಿತ್ಸೆಯ ಹೊಣೆ ಹೊತ್ತ ಒಬ್ಬ ಮಾಲೀಕ, ತರಬೇತಿ ಪಡೆದ ಒಂದಿಷ್ಟು ಫಾರ್ಮಸಿಸ್ಟರು. ಕರ್ನಾಟಕ ಸರ್ಕಾರದಲ್ಲಿ ಎರಡೂ ಇವೆ. ತನ್ನ ನೌಕರರಿಗಾಗಿ ಒಂದು ಜಿಲ್ಲೆಯಲ್ಲಾದರೂ ಅದು ಮಾಡಿ ನೋಡಲಿ.